ಒಂದೇ ರಾಜ್ಯದಲ್ಲಿ ಇಷ್ಟೊಂದು ಹೊಸ ವರ್ಷ ಯಾಕೆ?

ಮಾರ್ಚ್ ಕೊನೆ ಬಂತೆಂದರೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದು ಗೊಂದಲ ಶುರುವಾಗುತ್ತದೆ. ಮೈಸೂರು ಕಡೆಯವರು ಬೇವು-ಬೆಲ್ಲದ ಫೋಟೊ ಹಾಕಿ ಹೊಸ ವರ್ಷದ ಶುಭಾಶಯ ಹೇಳುತ್ತಾರೆ. ಅದಾಗಿ ಸ್ವಲ್ಪ ದಿನಕ್ಕೆ ಮಂಗಳೂರಿನ ಬೀಗರ ಮನೆಯಿಂದ ಬಿಸು ಪರ್ಬದ ಶುಭಾಶಯ ಬರುತ್ತದೆ, ಅದೂ ಹೊಸ ವರ್ಷವೇ. ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟವರನ್ನು ಕೇಳಿದರೆ ನಮ್ಮ ಲೆಕ್ಕದ ವರ್ಷ ದೀಪಾವಳಿ ಪಾಡ್ಯಕ್ಕೆ ಶುರು ಅನ್ನುತ್ತಾರೆ. ಇದರ ಮಧ್ಯೆ ಯಾರಾದರೂ ಒಬ್ಬರು "ಜನವರಿ 1 ನಮ್ಮದಲ್ಲ, ನಿಜವಾದ ಹೊಸ ವರ್ಷ ಇದು" ಅಂತ ಒಂದು ಫಾರ್ವರ್ಡ್ ಬಿಡುತ್ತಾರೆ. ಇದು ಅಂದರೆ ಯಾವುದು?

ಇನ್ನೊಂದು ವಿಚಿತ್ರವೂ ಇದೆ. 2021ರಲ್ಲಿ ಯುಗಾದಿ ಏಪ್ರಿಲ್ 13ಕ್ಕೆ, ಬಿಸು ಮರುದಿನವೇ, 14ಕ್ಕೆ ಬಂತು. ಆದರೆ 2026ರ ಯುಗಾದಿ ಮಾರ್ಚ್ 19ಕ್ಕೆ. ಬಿಸು ಮಾತ್ರ ಅಲ್ಲೇ, ಏಪ್ರಿಲ್ ಮಧ್ಯದಲ್ಲೇ. ಒಂದು ಹಬ್ಬ ಕ್ಯಾಲೆಂಡರ್ ತುಂಬಾ ಓಡಾಡುತ್ತದೆ, ಇನ್ನೊಂದು ಇದ್ದಲ್ಲೇ ಇರುತ್ತದೆ.

ಇದಕ್ಕೆಲ್ಲ ಕಾರಣ ಆಕಾಶದಲ್ಲಿದೆ. ಆದರೆ ಆಕಾಶದ ಲೆಕ್ಕ ಗೊತ್ತಾದರೆ ಅರ್ಧ ಮಾತ್ರ ಗೊತ್ತಾದಂತೆ. ನಾವು ಇಂಥ ಊರಿನವರು, ಇಂಥ ಜನ ಅನ್ನುವ ಗುರುತು ಆ ದಿನಾಂಕದ ಸುತ್ತ ಹೇಗೆ ಬೆಳೆಯಿತು ಅನ್ನುವುದು ಉಳಿದರ್ಧ.

## ಚಂದ್ರನ ಲೆಕ್ಕ, ಸೂರ್ಯನ ಲೆಕ್ಕ

ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಇದು ಚಂದ್ರನ ತಿಂಗಳು. ಇಂಥ 12 ತಿಂಗಳು ಸೇರಿದರೆ 354 ದಿನ. ಹೀಗೆ ಚಂದ್ರನನ್ನು ನೋಡಿ ತಿಂಗಳು ಎಣಿಸುವ ಪದ್ಧತಿ ಚಾಂದ್ರಮಾನ. ಚೈತ್ರ, ವೈಶಾಖ ಎಂಬ ಹೆಸರುಗಳೆಲ್ಲ ಈ ಲೆಕ್ಕದವು. ಚೈತ್ರದ ಮೊದಲ ದಿನ, ಅಂದರೆ ಅಮಾವಾಸ್ಯೆ ಕಳೆದ ಪಾಡ್ಯ, ಯುಗಾದಿ. ಕರ್ನಾಟಕದ ಬಹುಪಾಲು, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ ಇದನ್ನೇ ಹಿಡಿದುಕೊಂಡಿವೆ.

ಸೌರಮಾನದಲ್ಲಿ ಚಂದ್ರನ ಗೊಡವೆ ಇಲ್ಲ. ಸೂರ್ಯ ಮೇಷದಿಂದ ಮೀನದವರೆಗಿನ 12 ರಾಶಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುವುದೇ ಸಂಕ್ರಮಣ. ಪ್ರತಿ ಸಂಕ್ರಮಣಕ್ಕೆ ಹೊಸ ತಿಂಗಳು. ಸೂರ್ಯ ಮೇಷಕ್ಕೆ ಬಂದಾಗ ಹೊಸ ವರ್ಷ. ಒಟ್ಟು ಮುನ್ನೂರ ಅರವತ್ತೈದೂಕಾಲು ದಿನ. ನಮ್ಮ ಗೋಡೆಯ ಇಂಗ್ಲಿಷ್ ಕ್ಯಾಲೆಂಡರೂ ಸೂರ್ಯನದೇ ಆದ್ದರಿಂದ ಸಂಕ್ರಮಣ ಹೆಚ್ಚುಕಡಿಮೆ ಅದೇ ತಾರೀಖಿಗೆ ಬೀಳುತ್ತದೆ. ಬಿಸು ಏಪ್ರಿಲ್ 14 ಅಥವಾ 15, ಮಕರ ಸಂಕ್ರಾಂತಿ ಜನವರಿ 14 ಅಥವಾ 15, ತಲಕಾವೇರಿಯ ತೀರ್ಥೋದ್ಭವ ಅಕ್ಟೋಬರ್ 17ರ ಹೊತ್ತಿಗೆ. ತುಳುನಾಡು, ಕೊಡಗು, ಕೇರಳ, ತಮಿಳುನಾಡು ಈ ಲೆಕ್ಕದವು. ಬಿಸುವಿನ ದಿನವೇ ಕೊಡವರಿಗೆ ಎಡಮ್ಯಾರ್ ಒಂದು, ಅಂದರೆ ಅವರ ವರ್ಷದ ಮೊದಲ ದಿನ.

"ಹೆಚ್ಚುಕಡಿಮೆ" ಅಂದೆ ಯಾಕೆಂದರೆ ಸಂಕ್ರಮಣವೂ ನಿಧಾನಕ್ಕೆ ಜರುಗುತ್ತಿದೆ. ಸೂರ್ಯ ನಕ್ಷತ್ರಗಳ ನಡುವೆ ಅದೇ ಜಾಗಕ್ಕೆ ಮರಳಲು ತೆಗೆದುಕೊಳ್ಳುವ ಸಮಯ ಋತುಗಳ ಒಂದು ಸುತ್ತಿಗಿಂತ ಸುಮಾರು 20 ನಿಮಿಷ ಜಾಸ್ತಿ. ನಮ್ಮ ಪಂಚಾಂಗ ನಕ್ಷತ್ರ ಹಿಡಿದಿದೆ, ಇಂಗ್ಲಿಷ್ ಕ್ಯಾಲೆಂಡರ್ ಋತು ಹಿಡಿದಿದೆ. 20 ನಿಮಿಷ ಏನು ಮಹಾ ಅನ್ನಬೇಡಿ, 72 ವರ್ಷಕ್ಕೆ ಅದು ಒಂದು ದಿನ. ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ, ಆ ತಾರೀಖು 1863ರ ಜನವರಿ 12. ಈಗ ಅವರ ಜಯಂತಿ ಮುಗಿದು ಎರಡು ಮೂರು ದಿನಕ್ಕೆ ಎಳ್ಳು-ಬೆಲ್ಲ.

## ಪ್ರತಿ ವರ್ಷ 11 ದಿನದ ಬಾಕಿ

ಚಂದ್ರನ ವರ್ಷ 354, ಸೂರ್ಯನದು 365. ಹನ್ನೊಂದು ದಿನದ ವ್ಯತ್ಯಾಸ. ಇದನ್ನು ಹಾಗೇ ಬಿಟ್ಟರೆ ಯುಗಾದಿ ವರ್ಷಕ್ಕೆ 11 ದಿನ ಹಿಂದೆ ಹಿಂದೆ ಬಂದು ಒಂದು ದಿನ ಚಳಿಗಾಲಕ್ಕೆ, ಆಮೇಲೆ ಮಳೆಗಾಲಕ್ಕೆ ಹೋಗಿ ನಿಲ್ಲುತ್ತದೆ. ಮಾವಿನ ಚಿಗುರಿಲ್ಲ, ಬೇವಿನ ಹೂವಿಲ್ಲ, ಅದೆಂಥ ಯುಗಾದಿ?

ಅದಕ್ಕೆ ಹಿಂದಿನವರು ಕಿರಾಣಿ ಅಂಗಡಿಯ ಉದ್ರಿ ಲೆಕ್ಕದ ಹಾಗೆ ಒಂದು ವ್ಯವಸ್ಥೆ ಮಾಡಿಕೊಂಡರು. ವರ್ಷಕ್ಕೆ 11 ದಿನ ಬಾಕಿ ಬರೆಯುತ್ತಾ ಹೋಗುವುದು, ಅದು ಒಂದು ತಿಂಗಳಷ್ಟಾದಾಗ ಪೂರ್ತಿ ತಿಂಗಳನ್ನೇ ಸೇರಿಸಿ ಬಾಕಿ ತೀರಿಸುವುದು. ಅದೇ ಅಧಿಕ ಮಾಸ. ಸುಮಾರು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಬರುತ್ತದೆ. 2023ರಲ್ಲಿ ಶ್ರಾವಣ ಎರಡು ಸಲ ಬಂದಿದ್ದು ನೆನಪಿರಬಹುದು. 2026ರಲ್ಲಿ ಜ್ಯೇಷ್ಠ ಎರಡು. ಹಾಗಾಗಿ 2027ರ ಯುಗಾದಿ ಮಾರ್ಚ್ 19ರಿಂದ ಇನ್ನೂ ಹಿಂದಕ್ಕೆ ಹೋಗದೆ ಏಪ್ರಿಲ್ ಮೊದಲ ವಾರಕ್ಕೆ ಜಿಗಿಯುತ್ತದೆ.

ಯಾವ ತಿಂಗಳು ಅಧಿಕ ಅಂತ ಹೇಗೆ ಗೊತ್ತಾಗುತ್ತದೆ? ನಿಯಮ ಸರಳ. ಪ್ರತಿ ಚಾಂದ್ರ ತಿಂಗಳಿನಲ್ಲೂ ಒಂದು ಸಂಕ್ರಮಣ ಇರಬೇಕು. ಎರಡು ಅಮಾವಾಸ್ಯೆಗಳ ನಡುವೆ ಸಂಕ್ರಮಣ ಬೀಳದಿದ್ದರೆ ಆ ತಿಂಗಳಿಗೆ ಸ್ವಂತ ಹೆಸರಿಲ್ಲ, ಮುಂದಿನ ತಿಂಗಳ ಹೆಸರನ್ನೇ ಸಾಲ ತೆಗೆದುಕೊಂಡು ಅಧಿಕ ಅನ್ನಿಸಿಕೊಳ್ಳುತ್ತದೆ. ಮೇಷ ಸಂಕ್ರಮಣ ಯಾವ ತಿಂಗಳಿನಲ್ಲಿ ಬೀಳುತ್ತದೋ ಅದು ಚೈತ್ರ. ಗಮನಿಸಿದಿರಾ? ಬಿಸುವಿನ ಸಂಕ್ರಮಣ ಚೈತ್ರದೊಳಗೇ ಬೀಳಬೇಕು, ಚೈತ್ರ ಶುರುವಾಗುವುದು ಯುಗಾದಿಗೆ. ಅದಕ್ಕೇ ಸಾಮಾನ್ಯವಾಗಿ ಯುಗಾದಿ ಮೊದಲು, ಬಿಸು ಆಮೇಲೆ. ಎರಡರ ನಡುವೆ ಒಂದು ದಿನವೂ ಇರಬಹುದು, ಹತ್ತಿರ ಹತ್ತಿರ ತಿಂಗಳೂ ಇರಬಹುದು.

ಇದು ಬರೀ ಗಣಿತವಾಗಿದ್ದರೆ ಜ್ಯೋತಿಷಿಗಳ ಪುಸ್ತಕದಲ್ಲೇ ಉಳಿಯುತ್ತಿತ್ತು. ಆದರೆ ಅಧಿಕ ಮಾಸ ಬಂದರೆ ಮದುವೆ, ಗೃಹಪ್ರವೇಶ ನಿಲ್ಲುತ್ತವೆ. ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ಅಳಿಯನನ್ನು ಕರೆದು 33 ಅನಾರಸ ಕೊಡುತ್ತಾರೆ. ಲೆಕ್ಕದಲ್ಲಿ ಹೆಚ್ಚಾಗಿ ಉಳಿದ ಒಂದು ತಿಂಗಳಿಗೂ ನಮ್ಮ ಜನ ಒಂದು ಸಿಹಿ ತಿಂಡಿ ಹುಡುಕಿಬಿಟ್ಟಿದ್ದಾರೆ.

## ಒಂದೇ ಯುಗಾದಿ, ಬೇರೆ ಬೇರೆ ಅಡುಗೆಮನೆ

ದಿನಾಂಕ ಒಂದೇ ಆದರೆ ಆಚರಣೆಯೂ ಒಂದೇ ಅಂದುಕೊಳ್ಳುವುದು ಬೇಡ. ಮೈಸೂರು, ಮಂಡ್ಯ ಕಡೆ ಬೇವು-ಬೆಲ್ಲ ಅಂದರೆ ಬೇವಿನ ಚಿಗುರು, ಹೂವು, ಬೆಲ್ಲ ಸೇರಿಸಿ ಅಂಗೈ ಮೇಲೆ ಹಾಕುವ ಒಂದು ಚಿಟಿಕೆ. ಮಕ್ಕಳು ಮುಖ ಕಿವುಚಿ ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಧಾರವಾಡ, ಬಾಗಲಕೋಟೆ ಕಡೆ ಬೇವು ಅಂದರೆ ಲೋಟದಲ್ಲಿ ಕುಡಿಯುವ ಪಾನಕ. ಬೆಲ್ಲದ ನೀರಿಗೆ ಪುಟಾಣಿ ಹಿಟ್ಟು, ಮಾವಿನಕಾಯಿ, ಗೋಡಂಬಿ, ದ್ರಾಕ್ಷಿ, ಅದರ ಮೇಲೆ ಬೇವಿನ ಹೂವು ಉದುರಿಸುತ್ತಾರೆ. ಒಂದು ಲೋಟ ಸಾಕಾಗುವುದಿಲ್ಲ, ಇನ್ನೊಂದು ಕೇಳುತ್ತಾರೆ. ಎರಡೂ ಕಡೆಯವರು ಒಂದೇ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎದುರುಬದುರು ಇದ್ದರೆ "ಇದೆಂಥ ಬೇವು-ಬೆಲ್ಲ?" ಅನ್ನುವ ಮಾತು ಬಂದೇ ಬರುತ್ತದೆ.

ಮರುದಿನದ ಹೊಸತೊಡಕು ಹಳೇ ಮೈಸೂರಿನವರ ಗುರುತು. ಯುಗಾದಿ ದಿನ ಹೋಳಿಗೆ, ಮಾರನೇ ದಿನ ಬಾಡೂಟ. ಬೆಂಗಳೂರು, ರಾಮನಗರ, ಮಂಡ್ಯದಲ್ಲಿ ಅವತ್ತು ಬೆಳಗಿನ ಜಾವಕ್ಕೇ ಮಟನ್ ಅಂಗಡಿ ಮುಂದೆ ಸಾಲು. ಹಳ್ಳಿಗಳಲ್ಲಿ ಇದಕ್ಕಾಗಿಯೇ ಚೀಟಿ ಹಾಕುತ್ತಾರೆ. ತಿಂಗಳು ತಿಂಗಳು ಸ್ವಲ್ಪ ದುಡ್ಡು ಕಟ್ಟಿ, ಹೊಸತೊಡಕಿಗೆ ಎಲ್ಲರೂ ಸೇರಿ ಮರಿ ಕೊಂಡು ಕೊಯ್ದು, ಮಾಂಸವನ್ನು ನೆಲದ ಮೇಲೆ ಸಾಲಾಗಿ ಎಲೆಗಳ ಮೇಲೆ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಯಲ್ಲೂ ಒಂದಿಷ್ಟು ಕಾಲು, ಒಂದಿಷ್ಟು ಈಲಿ, ಒಂದಿಷ್ಟು ಎದೆ. ಕಡಿಮೆ-ಜಾಸ್ತಿ ಆಗಬಾರದು, ಆಯಿತೆಂದರೆ ಜಗಳ. ಚೀಟಿಗೆ ಸೇರಿದ ಮನೆ ಎಷ್ಟೋ ಅಷ್ಟೇ ಗುಡ್ಡೆ. ಯಾರು ಯಾರೊಂದಿಗೆ ಒಂದು ಊರಿನವರಾಗಿ ಬದುಕುತ್ತಿದ್ದಾರೆ, ಯಾರನ್ನು ಆ ಚೀಟಿಗೆ ಸೇರಿಸಿಕೊಂಡಿಲ್ಲ ಅನ್ನುವುದು ಕೂಡ ಆ ಸಾಲು ನೋಡಿದರೆ ಗೊತ್ತಾಗುತ್ತದೆ. ಆಚರಣೆ ಜನರನ್ನು ಸೇರಿಸುತ್ತದೆ ಅನ್ನುವಾಗ ಗೆರೆಯನ್ನೂ ಎಳೆಯುತ್ತದೆ ಅನ್ನುವುದನ್ನು ಬಿಡಬಾರದು.

## ಬಿಸು ಕಣಿ ಮತ್ತು ನಿಂತುಹೋದ ಒಂದು ಪದ್ಧತಿ

ತುಳುನಾಡಿನಲ್ಲಿ ವರ್ಷದ ಮೊದಲ ತಿಂಗಳು ಪಗ್ಗು. ಆಮೇಲೆ ಬೇಶ, ಕಾರ್ತೆಲ್, ಆಟಿ, ಸೋಣ ಅಂತ ಹೋಗಿ ಕೊನೆಗೆ ಸುಗ್ಗಿ. ಸುಗ್ಗಿಯ ಕೊನೆಯ ರಾತ್ರಿ ಮಲಗುವ ಮೊದಲು ದೇವರ ಮುಂದೆ ಕಣಿ ಇಡುತ್ತಾರೆ. ಹರಿವಾಣದಲ್ಲಿ ಅಕ್ಕಿ, ಅದರ ಮೇಲೆ ತೆಂಗಿನಕಾಯಿ, ಸುತ್ತ ಮುಳ್ಳುಸೌತೆ, ಮಾವು, ಹಲಸು, ಗೇರುಹಣ್ಣು, ವೀಳ್ಯದೆಲೆ, ಅಡಿಕೆ, ಒಂದು ಚಿನ್ನದ ಒಡವೆ, ಹಿಂದೆ ಕನ್ನಡಿ. ಬೆಳಿಗ್ಗೆ ಎದ್ದವರು ಬೇರೇನೂ ನೋಡದೆ ಮೊದಲು ಬಂದು ಅದನ್ನು ನೋಡಬೇಕು. ಕನ್ನಡಿಯಲ್ಲಿ ಹಣ್ಣುಗಳ ನಡುವೆ ತಮ್ಮ ಮುಖವೂ ಕಾಣುತ್ತದೆ. ಆಮೇಲೆ ಹಿರಿಯರ ಕಾಲಿಗೆ ಬೀಳುವುದು, ಹೊಸ ಬಟ್ಟೆ, ಗೇರುಬೀಜ ಹಾಕಿದ ಪಾಯಸ.

ಹರಿವಾಣದಲ್ಲಿ ಇರುವುದೆಲ್ಲ ಆಗ ಹಿತ್ತಲಲ್ಲಿ, ಗದ್ದೆಯಲ್ಲಿ ಸಿಗುವ ಫಸಲು. ಹಾಗಾಗಿ ಬಿಸುವಿಗೂ ಜಮೀನಿಗೂ ನೇರ ಸಂಬಂಧ. ಹಿಂದೆ ಗೇಣಿ ಒಕ್ಕಲಿನವರು ಇದೇ ಹೊತ್ತಿಗೆ ತರಕಾರಿ, ಬಾಳೆಗೊನೆ ಹೊತ್ತು ಧಣಿಗಳ ಮನೆಗೆ ಹೋಗಿ ಬುಳೆಕಾಣಿಕೆ ಒಪ್ಪಿಸುತ್ತಿದ್ದರು. 1974ರ ಭೂಸುಧಾರಣೆ ಕಾಯ್ದೆ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯ ಆದ ಮೇಲೆ ಆ ಕಾಣಿಕೆಗೆ ಅರ್ಥ ಉಳಿಯಲಿಲ್ಲ. ಕಣಿ ಮಾತ್ರ ಉಳಿಯಿತು. ಸಂಪ್ರದಾಯ ಅಂದರೆ ಅನಾದಿ ಕಾಲದಿಂದ ಹಾಗೇ ಇರುವುದು ಅಂತ ನಾವು ಮಾತಾಡುತ್ತೇವೆ, ಆದರೆ ಒಂದೇ ಹಬ್ಬದ ಒಂದು ಭಾಗ ಕಾನೂನು ಬದಲಾದ ಕೂಡಲೇ ಕಳಚಿ ಬೀಳುತ್ತದೆ, ಇನ್ನೊಂದು ಭಾಗವನ್ನು ಯಾರೂ ಮುಟ್ಟುವುದಿಲ್ಲ.

ಇನ್ನು ಇದೇ ಮಂಗಳೂರಿನಲ್ಲಿ, ಅದೇ ಬೀದಿಯಲ್ಲಿ, ಕೊಂಕಣಿ ಮಾತಾಡುವ ಗೌಡ ಸಾರಸ್ವತರು ಬಿಸುವಿಗಿಂತ ಮೊದಲೇ ಚಾಂದ್ರಮಾನದ ಪ್ರಕಾರ ಸಂಸಾರ ಪಾಡ್ವೊ ಮಾಡಿ ಮುಗಿಸಿರುತ್ತಾರೆ. ಕ್ಯಾಥೊಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ಮನೆಗೆ ತರುತ್ತಾರೆ, ಅದು ಇಂಗ್ಲಿಷ್ ಕ್ಯಾಲೆಂಡರಿನ ತಾರೀಖು. ಆದರೆ ಅವರ ಈಸ್ಟರ್ ಮತ್ತೆ ಚಂದ್ರನ ಕೈಯಲ್ಲಿದೆ. ವಸಂತ ವಿಷುವದ ನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರ ಅದು.

## ಯಾರೂ ಒಂದೇ ಪಂಚಾಂಗದಲ್ಲಿ ಬದುಕುವುದಿಲ್ಲ

ಚಾಂದ್ರಮಾನದವರು, ಸೌರಮಾನದವರು ಅಂತ ಎರಡು ಗುಂಪು ಮಾಡಿ ಹೇಳಿದೆನಲ್ಲ, ಮನೆಯೊಳಗೆ ಹೋಗಿ ನೋಡಿದರೆ ಆ ಗುಂಪು ನಿಲ್ಲುವುದಿಲ್ಲ.

ಮಂಡ್ಯದ ರೈತ ಯುಗಾದಿಗೆ ಹೊನ್ನಾರು ಹೂಡುತ್ತಾನೆ, ಅಂದರೆ ವರ್ಷದ ಮೊದಲ ಉಳುಮೆ ಮಾಡುತ್ತಾನೆ, ಅದು ಚಂದ್ರನ ದಿನ. ಆದರೆ ಬಿತ್ತನೆ ಮಾಡುವಾಗ ಅವನು ನೋಡುವುದು ಭರಣಿ, ರೋಹಿಣಿ, ಆರಿದ್ರಾ ಮಳೆ. ಮಳೆ ನಕ್ಷತ್ರ ಅಂದರೆ ಸೂರ್ಯ ಆ ನಕ್ಷತ್ರದಲ್ಲಿ ಇರುವ 13-14 ದಿನ. ಅಪ್ಪಟ ಸೌರ ಲೆಕ್ಕ! "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುವ ಅಜ್ಜ ಸೌರಮಾನದ ಪಾಠ ಓದಿದವನಲ್ಲ. ಮುಂಗಾರು ಬರುವುದು ಸೂರ್ಯನ ಬಿಸಿಲಿನಿಂದ, ಅಮಾವಾಸ್ಯೆ ಲೆಕ್ಕ ಹಿಡಿದು ಬಿತ್ತಿದರೆ ಒಂದು ವರ್ಷ ಬೇಗ, ಒಂದು ವರ್ಷ ತಡ ಆಗುತ್ತದೆ ಅನ್ನುವುದು ಹೊಲದಲ್ಲೇ ಕಲಿತ ವಿಷಯ.

ಅತ್ತ ತುಳುನಾಡಿನ ಆಟಿ ಅಮಾವಾಸ್ಯೆ ನೋಡಿ. ಆಟಿ ಸೂರ್ಯನ ತಿಂಗಳು, ಅಮಾವಾಸ್ಯೆ ಚಂದ್ರನದು. ಎರಡೂ ಸೇರಿದ ಆ ಬೆಳಿಗ್ಗೆ ಸೂರ್ಯ ಹುಟ್ಟುವ ಮುಂಚೆ ಮಳೆಯಲ್ಲಿ ಹೋಗಿ ಹಾಲೆ ಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತರುತ್ತಾರೆ. ಅರೆದು ರಸ ಹಿಂಡಿ, ಬೆಳ್ಳುಳ್ಳಿ, ಓಮ, ಕಾಳುಮೆಣಸು ಹಾಕಿ ಬರಿ ಹೊಟ್ಟೆಗೆ ಕುಡಿಯುವುದು. ಕಹಿ ಅಂದರೆ ಕಹಿ. ಕುಡಿದವರಿಗೆ ಆಮೇಲೆ ಮೆಂತ್ಯೆ ಗಂಜಿ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕಣಿ ಇಡುವುದನ್ನು ಬಿಟ್ಟವರಿಗೂ ಈ ಕಷಾಯದ ರುಚಿ ನಾಲಿಗೆಯಲ್ಲಿ ಇರುತ್ತದೆ. ಹಬ್ಬದ ಹಿಂದಿನ ಕಥೆ ಕೇಳಿದರೆ ಅರ್ಧ ಜನಕ್ಕೆ ಹೇಳಲು ಬರುವುದಿಲ್ಲ, ಏನು ತಿಂದೆವು, ಯಾರ ಜೊತೆ ಕೂತೆವು, ಯಾರು ಬೈದು ಕುಡಿಸಿದರು ಅಂದರೆ ಎಲ್ಲರೂ ಹೇಳುತ್ತಾರೆ. ಗುರುತು ಕೂರುವುದು ಹೀಗೆ, ಪಾಠದಿಂದಲ್ಲ.

## ಅಧಿಕ ಮಾಸ ಇಲ್ಲದ ಚಂದ್ರ

ಇಸ್ಲಾಮಿನ ಹಿಜರಿ ಕ್ಯಾಲೆಂಡರ್ ಕೂಡ ಚಂದ್ರನದು, ಆದರೆ ಅಲ್ಲಿ ಅಧಿಕ ಮಾಸ ಸೇರಿಸುವುದಿಲ್ಲ. 11 ದಿನದ ಬಾಕಿ ಬಾಕಿಯಾಗಿಯೇ ಮುಂದೆ ಹೋಗುತ್ತದೆ. ಅದರಿಂದ ರಂಜಾನ್ ಬೇಸಿಗೆಗೂ ಬರುತ್ತದೆ, ಚಳಿಗೂ ಬರುತ್ತದೆ, ಸುಮಾರು 33 ವರ್ಷಕ್ಕೆ ಒಂದು ಸುತ್ತು. ಹಿಜರಿಯ ಮೊದಲ ತಿಂಗಳು ಮೊಹರಂ. ಹೊಸ ವರ್ಷವಾದರೂ ಸಂಭ್ರಮವಲ್ಲ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಹುಸೇನರು ಕೊಲ್ಲಲ್ಪಟ್ಟದ್ದನ್ನು ನೆನೆಯುವ ತಿಂಗಳು.

ಆದರೆ ರಾಯಚೂರು, ಕೊಪ್ಪಳ, ವಿಜಯಪುರದ ಹಳ್ಳಿಗಳಿಗೆ ಬಂದರೆ ಮೊಹರಂ ಬೇರೆಯೇ ಆಗಿದೆ. ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಅಂಗೈ ಆಕಾರದ ಲೋಹದ ಪಂಜಾಗಳನ್ನು ಅಲಾಯಿ ದೇವರು ಅಂತ ಹೊರುತ್ತಾರೆ, ಹೆಜ್ಜೆ ಹಾಕಿ ಕುಣಿಯುತ್ತಾರೆ. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ರಿವಾಯತ್ ಪದವಾಗಿ ಹಾಡುತ್ತಾರೆ. ಹರಕೆ ಹೊತ್ತವರು ಫಕೀರರಾಗುತ್ತಾರೆ, ಮನೆಯಲ್ಲಿ ಚೊಂಗೆ ಅನ್ನುವ ಸಿಹಿ ತಿಂಡಿ ಮಾಡಿ ಎಡೆ ಕೊಡುತ್ತಾರೆ. ಇದರಲ್ಲಿ ಹಿಂದೂಗಳು ಬಂದು ನೋಡುವವರಲ್ಲ, ಮಾಡುವವರು. ಒಂದೂ ಮುಸ್ಲಿಂ ಮನೆ ಇಲ್ಲದ ಹಳ್ಳಿಗಳಲ್ಲೂ ಮೊಹರಂ ನಡೆಯುತ್ತದೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಲು ಸುತ್ತಲಿನ ಜಿಲ್ಲೆಗಳಿಂದ ಜನ ಬರುತ್ತಾರೆ. ಇದು ಯಾರ ಹಬ್ಬ ಅಂತ ಕೇಳಿದರೆ ಊರಿನವರು ಧರ್ಮದ ಹೆಸರು ಹೇಳದೆ ಊರಿನ ಹೆಸರು ಹೇಳುತ್ತಾರೆ. ಹೊರಗಿನವರಿಗೆ ಇದು ವಿರೋಧಾಭಾಸ ಅನ್ನಿಸಬಹುದು. ಅಲ್ಲಿ ಬೆಳೆದವರಿಗೆ ಸುಮ್ನೆ ಊರ ಹಬ್ಬ.

## ಯಾರೂ ಹೋಳಿಗೆ ಮಾಡದ ಹೊಸ ವರ್ಷ

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗ ಬಳಕೆಯಲ್ಲಿದ್ದವು. ಸರ್ಕಾರಕ್ಕೆ ಇದು ತಲೆನೋವು. 1952ರಲ್ಲಿ ಖ್ಯಾತ ಭೌತವಿಜ್ಞಾನಿ ಮೇಘನಾದ್ ಸಾಹಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿದರು. ಅವರು ಎಲ್ಲವನ್ನೂ ಅಳೆದು ತೂಗಿ, ಋತುವಿಗೆ ಸರಿಯಾಗಿ ಹೊಂದುವ, 20 ನಿಮಿಷದ ಆ ಜರುಗಾಟವೂ ಇಲ್ಲದ ಒಂದು ರಾಷ್ಟ್ರೀಯ ಕ್ಯಾಲೆಂಡರ್ ಶಿಫಾರಸು ಮಾಡಿದರು. ಶಕ ವರ್ಷದ ಆ ಕ್ಯಾಲೆಂಡರ್ 1957ರ ಮಾರ್ಚ್ 22ರಿಂದ ಜಾರಿಗೆ ಬಂತು. ಅದರ ಚೈತ್ರ 1 ಪ್ರತಿ ವರ್ಷ ಮಾರ್ಚ್ 22ಕ್ಕೆ, ಫೆಬ್ರವರಿಗೆ 29 ದಿನ ಇರುವ ವರ್ಷವಾದರೆ 21ಕ್ಕೆ.

ನಿಮಗೆ ಗೊತ್ತಿರುವ ಯಾರಾದರೂ ಮಾರ್ಚ್ 22ಕ್ಕೆ ಎಣ್ಣೆ ಸ್ನಾನ ಮಾಡಿದ್ದುಂಟಾ? ಭಾರತದ ರಾಜಪತ್ರದ ಮೇಲೆ ಆ ತಾರೀಖು ಇವತ್ತಿಗೂ ಅಚ್ಚಾಗುತ್ತದೆ. ವಿಜ್ಞಾನದ ಲೆಕ್ಕಕ್ಕೆ ಇದ್ದುದರಲ್ಲಿ ಅದೇ ನೇರ. ಆದರೆ ಅದಕ್ಕೊಂದು ತಿಂಡಿ ಇಲ್ಲ, ತೋರಣ ಇಲ್ಲ, ಕಾಲಿಗೆ ಬೀಳಬೇಕಾದ ಅಜ್ಜಿ ಇಲ್ಲ. ಹಾಗಾಗಿ ಅದು ಯಾರ ಹೊಸ ವರ್ಷವೂ ಆಗಲಿಲ್ಲ.

ಅದಕ್ಕೆ ಪೂರ್ತಿ ಉಲ್ಟಾ ಉದಾಹರಣೆ ಏಪ್ರಿಲ್ 14. ಅಂಬೇಡ್ಕರ್ ಹುಟ್ಟಿದ್ದು 1891ರ ಆ ದಿನ. ಯಾವ ತಿಥಿ, ಯಾವ ನಕ್ಷತ್ರ ಅಂತ ಯಾರೂ ನೋಡುವುದಿಲ್ಲ, ಬರೀ ಇಂಗ್ಲಿಷ್ ತಾರೀಖು. ಆದರೆ ಅವತ್ತು ದಲಿತ ಕೇರಿಗಳಲ್ಲಿ ನೀಲಿ ಬಾವುಟ, ಮೆರವಣಿಗೆ, ತಮಟೆ, ಊಟ, ಹೊಸ ಬಟ್ಟೆ. ಎಷ್ಟೋ ಮನೆಗಳಿಗೆ ವರ್ಷದ ದೊಡ್ಡ ಹಬ್ಬವೇ ಅದು. ಮೇಲೆ ಹೇಳಿದ ಗುಡ್ಡೆಗಳ ಸಾಲಿನಲ್ಲಿ ಜಾಗ ಸಿಗದವರು ಸ್ವಂತ ಹಬ್ಬ ಕಟ್ಟಿಕೊಂಡಿದ್ದಾರೆ ಅಂತಲೂ ಇದನ್ನು ಓದಬಹುದು. ಸರ್ಕಾರಿ ರಜೆಯೂ ಇದೆ, ಅದೇ ರಜೆಯಲ್ಲಿ ಎಷ್ಟೋ ವರ್ಷ ತುಳುವರ ಬಿಸುವೂ ಸುಸೂತ್ರವಾಗಿ ಆಗಿಬಿಡುತ್ತದೆ.

## ಊರು ಬಿಟ್ಟವರ ಯುಗಾದಿ

ಹೊರದೇಶಕ್ಕೆ ಹೋದವರ ಕಥೆ ಇನ್ನೂ ಮಜಾ. ತಿಥಿ ಅನ್ನುವುದು ಸೂರ್ಯನಿಂದ ಚಂದ್ರ ಎಷ್ಟು ದೂರ ಸರಿದಿದ್ದಾನೆ ಅನ್ನುವ ಲೆಕ್ಕ. ಅದು ಇಡೀ ಭೂಮಿಗೆ ಒಂದೇ ಕ್ಷಣದಲ್ಲಿ ಶುರುವಾಗುತ್ತದೆ. ಆದರೆ ಹಬ್ಬದ ದಿನ ಗೊತ್ತು ಮಾಡುವುದು ಸೂರ್ಯೋದಯಕ್ಕೆ ಯಾವ ತಿಥಿ ಇದೆ ಅಂತ ನೋಡಿ, ಸೂರ್ಯೋದಯ ಮಾತ್ರ ಒಂದೊಂದು ಊರಿಗೆ ಒಂದೊಂದು. ಅದಕ್ಕೇ ಕೆಲವು ವರ್ಷ ಅಮೆರಿಕದ ಪಂಚಾಂಗದಲ್ಲಿ ಯುಗಾದಿ ನಮ್ಮ ತಾರೀಖಿಗಿಂತ ಒಂದು ದಿನ ಮೊದಲೇ ಇರುತ್ತದೆ. ಇದು ತಪ್ಪಲ್ಲ, ಅವರ ಊರಿನ ಸೂರ್ಯನ ಲೆಕ್ಕ.

ಅದಕ್ಕೆ ಅಲ್ಲಿಯವರು ಪೂಜೆಯನ್ನು ಅಲ್ಲಿನ ಪಂಚಾಂಗದಂತೆ ಮಾಡುತ್ತಾರೆ, ಅಪ್ಪ-ಅಮ್ಮನ ಫೋನು ಊರಿನ ತಾರೀಖಿಗೆ ಬರುತ್ತದೆ, ಕನ್ನಡ ಸಂಘದ ಹೋಳಿಗೆ ಊಟ ಹಾಲ್ ಸಿಕ್ಕ ಶನಿವಾರಕ್ಕೆ.